ತೂತೋ, ಸಂದಿಯೋ

ಅಕ್ಕಾ, ನಿನ್ನ ತಂಗಿ ನಮ್ಮ ಕ್ಷೀರಪಥಕ್ಕಿಂತ ದೊಡ್ಡದೊಂದು ಗುಳ್ಳೆ ಕಂಡುಹಿಡಿದಿದ್ದಾಳೆ, ಅದೂ ಈ ಹೊಸ ಊರಿನ ಹೊಸ ಕೆಲಸಕ್ಕೆ ಸೇರಿದ ಮೂರನೇ ವಾರದಲ್ಲೇ! ದೂರದ ಗ್ಯಾಲಕ್ಸಿಯೊಂದರ ಸುತ್ತ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲವಿದೆ. ಅದು ತಣ್ಣಗಾದರೆ ನಕ್ಷತ್ರಗಳು ಹುಟ್ಟಬೇಕು. ಆದರೆ ನಡುವೆ ಕೂತ ಕಪ್ಪುಕುಳಿ ಊದಿ ಊದಿ ಅದನ್ನು ಆರಲು ಬಿಡುವುದಿಲ್ಲ. ಹಾಗೆ ಊದಿದ ಗುಳ್ಳೆ ಎಕ್ಸ್‌ರೇ ಚಿತ್ರದಲ್ಲಿ ಕಪ್ಪು ತೂತಿನಂತೆ ಕಂಡಿತು. ಕುಣಿದುಕೊಂಡು ಹೋಗಿ ಮುಖ್ಯಸ್ಥರಿಗೂ ಹೇಳಿಬಿಟ್ಟೆ.

ಆಮೇಲೆ ಪಕ್ಕದ ಮೇಜಿನಿಂದ ನಮ್ಮವರು ಚಹಾ ಲೋಟ ಹಿಡಿದು ಬಂದು, "ಅಲ್ಲ ಕಣೇ, ಅದು ಕ್ಯಾಮೆರಾದ ಎರಡು ಚಿಪ್ ಮಧ್ಯೆ ಏನೂ ದಾಖಲಾಗದ ಸಂದಿ ಅಲ್ಲ ತಾನೇ?" ಎಂದರು.

"ಮದುವೆಯಾಗಿ ಎರಡು ತಿಂಗಳಾಗಿಲ್ಲ, ಆಗಲೇ ಶುರು ಮಾಡಿದ್ರಾ?" ಎಂದು ನಕ್ಕೆ. ಆದರೆ ಆ ಸಂದಿ ಎಲ್ಲಿ ಬೀಳುತ್ತದೆಂದು ನಾನು ನೋಡಿಯೇ ಇರಲಿಲ್ಲ, ಅಕ್ಕಾ!

ಕ್ಯಾಮೆರಾ ಬೇರೆ ಕೋನಕ್ಕೆ ತಿರುಗಿದ್ದಾಗ ತೆಗೆದ ಅದೇ ಗ್ಯಾಲಕ್ಸಿಯ ಹಳೆಯ ಚಿತ್ರವೊಂದು ಶುಕ್ರವಾರ ಕೈಗೆ ಬರುತ್ತದೆ. ಅದರಲ್ಲೂ ತೂತು ಆಕಾಶದ ಅದೇ ಜಾಗದಲ್ಲಿದ್ದರೆ ಗುಳ್ಳೆ ನಿಜ. ಕ್ಯಾಮೆರಾದ ಜೊತೆ ತಾನೂ ತಿರುಗಿದ್ದರೆ ಎಲ್ಲರೆದುರು ನನ್ನ ಮಾನ ಹರಾಜು.

ಗಂಟಲುನೋವು ವಾಸಿಯಾಗಿದೆ. ಊಟ ಮಾತ್ರ ಸೇರುತ್ತಿಲ್ಲ. ಅದನ್ನು ಬೇರೆ ಸುದ್ದಿ ಎಂದುಕೊಂಡು ಅಮ್ಮನ ಕಿವಿಗೆ ಹಾಕಬೇಡ! ಚಿತ್ರ ನೋಡಿದವಳೇ ನಿನ್ನೂರಿಗೆ ರೈಲು ಹತ್ತುತ್ತೇನೆ. ಇಳಿದಾಗ ನಾನಾಗಿ ಬಾಯಿ ಬಿಡದಿದ್ದರೆ ಏನೂ ಕೇಳದೆ ಕೈಯಲ್ಲಿನ ಚೀಲ ತೆಗೆದುಕೋ, ಸಾಕು. ಶನಿವಾರ, ಬೆಳಗ್ಗೆ ಏಳೂವರೆಗೆ ಅಲ್ಲಿಗೆ ಬರುವ ಪ್ಯಾಸೆಂಜರ್.