ಹೊಡೆದುಹಾಕಿದ ಮಿಸೆಸ್

ಮಿಸಿಸಿಪ್ಪಿ. ಸೋಮವಾರ, ೧೨ ಆಗಸ್ಟ್ ೧೯೬೩.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇದು ಮೂರನೆಯ ಸಲ ಕೋರ್ಟಿನ ನೋಂದಣಿ ಕಚೇರಿಗೆ ಹೋದದ್ದು. ಅರ್ಜಿಯಲ್ಲಿ ‘ಮಿಸೆಸ್ ಒಡೆಸ್ಸಾ ಟಲ್ಲಿ’ ಎಂದು ಬರೆದೆ. ಗುಮಾಸ್ತ ಕ್ಲೈಡ್, ಅವರ ಮನೆ ಆಯಾ ಆಗಿದ್ದಾಗ ನಾನೇ ಎತ್ತಿ ಬೆಳೆಸಿದ ಬಿಳಿಯ, ನಕ್ಕ.

“ಏನೇ ಒಡೆಸ್ಸಾ, ಕರಿ ಹೆಂಗಸ್ರಿಗೆ ಯಾವಾಗಿಂದ ಮಿಸೆಸ್ಸು? ಹೊಡೆದ್ಹಾಕು, ಪಾಸ್ ಮಾಡ್ತೀನಿ.”

“ನಿಮ್ಮ ಕುಂಡೆ ತೊಳೆಯೋವಾಗ ನೀವು ಇಷ್ಟು ಮಾತಾಡ್ತಿರ್ಲಿಲ್ಲ, ಸಾಹೇಬ್ರೇ.”

ಅಂದೆನೇನೋ ಸರಿ, ಆದರೆ ಓಟಿನ ಆಸೆಗೆ ಆ ಪದ ಹೊಡೆದೂ ಹಾಕಿದೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದ.

“ಅಯ್ಯೋ, ತಿದ್ದಿದ ಅರ್ಜಿ ನಡೆಯಲ್ವಲ್ಲೇ.”

ಸಾಲಿನಲ್ಲಿದ್ದ ಬಿಳಿಯರೆಲ್ಲ ನಕ್ಕರು. ಅವನ ಬಾಯಿಗೆ ಹುಳ ಬೀಳಲಿ. ಆದರೆ ಗೀಟೆಳೆದ ಕೈ ನನ್ನದು. ನನ್ನ ಗಂಡ ರೂಬೆನ್ ಸತ್ತು ನನಗೆ ಉಳಿಸಿಹೋದದ್ದು ಅದೊಂದೇ ಪದ. ಇವತ್ತು ಈ ಕೈಯೇ ಅವನನ್ನೂ ಹೊಡೆದುಹಾಕಿತು.