ಬಾಗಿಲ ಪಕ್ಕದ ಜಾಗ

ಆಸ್ಪತ್ರೆಯ ಮೊದಲ ಮಹಡಿ, ವಾರ್ಡಿನ ಹೊರಗಿನ ಬೆಂಚು
ಮಂಗಳವಾರ, ಬೆಳಿಗ್ಗೆ

ನನ್ನ ಮೇಷ್ಟ್ರಮ್ಮನಿಗೆ,

ಎಂಟು ತಿಂಗಳ ಮೇಲೆ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಕಂಡು ಹುಬ್ಬು ಗಂಟಿಕ್ಕಬೇಡ. ಫೋನು ಮಾಡಿದರೆ ನೀನು ಮೊದಲು ಬೈಯುತ್ತೀ, ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ತರಬೇತಿ ಕೇಂದ್ರದ ಕಡೆ ಹೋಗುವವರ ಕೈಲಿ ಕೊಡುತ್ತೇನೆ, ಸಂಜೆಯೊಳಗೆ ಸೇರುತ್ತದೆ.

ನಾವೆಲ್ಲ ಶಿಳ್ಳೆ ಎಂದು ಕರೆಯುವ ನಮ್ಮ ಗಸ್ತು ಜೀಪಿನ ಡ್ರೈವರನಿಗೆ ಗುಂಡು ತಗುಲಿದ ಸುದ್ದಿ ನಿನಗೂ ಮುಟ್ಟಿರುತ್ತದೆ. ಜೀವಕ್ಕೆ ಅಪಾಯವಿಲ್ಲ. ಸೊಂಟದ ಮೂಳೆ ಪುಡಿಯಾಗಿದೆ, ಮತ್ತೆ ನಡೆದಾನೋ ಇಲ್ಲವೋ ಎಂದು ಡಾಕ್ಟರು ಬಾಯಿ ಬಿಡುತ್ತಿಲ್ಲ. ದಿನವಿಡೀ ಜೀಪಿನಲ್ಲಿ ಶಿಳ್ಳೆ ಹೊಡೆದು ನನ್ನ ತಲೆ ತಿನ್ನುತ್ತಿದ್ದವನು ಈಗ ಗೋಡೆ ನೋಡಿಕೊಂಡು ಮಲಗಿದ್ದಾನೆ.

ನಡೆದದ್ದು ಇಷ್ಟು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಎರಡನೇ ಮಹಡಿಯ ಮನೆಯೊಂದರಲ್ಲಿ ಗಂಡ ಹೆಂಡತಿಗೆ ಹೊಡೆಯುತ್ತಿದ್ದಾನೆ ಎಂದು ಪಕ್ಕದವರು ಠಾಣೆಗೆ ಫೋನು ಮಾಡಿದರು. ಇಂಥ ಜಗಳ ವಾರಕ್ಕೆ ಹತ್ತು ನೋಡುತ್ತೇವೆ. ಮೆಟ್ಟಿಲು ಹತ್ತುವಾಗಲೂ ನಮ್ಮ ಡ್ರೈವರನ ಬಾಯಲ್ಲಿ ಯಾವುದೋ ಹಾಡಿನ ಶಿಳ್ಳೆಯಿತ್ತು. ನಾನು ಬಾಗಿಲು ಬಡಿದು ಎಡಕ್ಕೆ, ಗೋಡೆಯ ಮರೆಗೆ ಸರಿದೆ. ಅವನು ಅವಸರಗಾರ, ತಾನೇ ಹೋಗಿ ಬಾಗಿಲ ಮುಂದೆ ನಿಂತ. ಒಳಗಿನವನು ತೆರೆಯುವ ಗೋಜಿಗೇ ಹೋಗದೆ ಬಾಗಿಲ ಮೂಲಕವೇ ಗುಂಡು ಹಾರಿಸಿದ.

ನನ್ನನ್ನು ಉಳಿಸಿದ್ದು ನಿನ್ನ ಪಾಠ. "ಬಾಗಿಲು ಅಂದ್ರೆ ಗೋಡೆ ಅಲ್ಲ ಕಣ್ರೀ, ಅದರ ಮುಂದೆ ನಿಂತ್ಕೋಬೇಡಿ" ಎಂದು ಹೇಳಿ ಹೇಳಿ, ಆ ತಗಡಿನ ಶೆಡ್ಡಿನಲ್ಲಿ ಬಣ್ಣದ ಗುಂಡು ಹೊಡೆದು ನನ್ನನ್ನು ಏಳು ಸಲ ಸಾಯಿಸಿದೆ. ಎದೆ ತುಂಬ ಕೆಂಪು ಬಣ್ಣ ಮೆತ್ತಿಕೊಂಡು, ಹೆಂಡತಿಯ ಕೈಲಿ ಸತ್ತವನು ಎಂದು ಕಿರಿಯರ ಮುಂದೆ ನಗೆಪಾಟಲಿಗೀಡಾದೆ. ಎಂಟನೇ ಸಲ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಶುಕ್ರವಾರವೂ ಹಾಗೆಯೇ ಸರಿಯಿತು.

ಶಿಳ್ಳೆಯ ಕಾಲಿಗೆ ಆ ಪಾಠ ಸಿಗಲಿಲ್ಲ. ಜೀಪು ಓಡಿಸುವವನಿಗೆ ಇದೆಲ್ಲ ಯಾಕೆ ಎಂದು ತರಬೇತಿಯ ಮೂರು ದಿನವೂ ಅವನನ್ನು ಸಾಹೇಬರ ಕಾರು ಓಡಿಸಲು ಕಳಿಸಿದವನು ನಾನು. ಹಾಜರಿ ಪುಸ್ತಕದಲ್ಲಿ ರುಜು ಮಾತ್ರ ಹಾಕಿಸಿದೆ. "ಬರದೇ ಇದ್ದೋರು ಕಲಿತ್ರು ಅಂತ ನಾನು ಬರೆಯೋದಿಲ್ಲ" ಎಂದು ನೀನು ಪುಸ್ತಕ ಮುಚ್ಚಿದೆ. ನಾನು ಹಟಕ್ಕೆ ಬಿದ್ದು, ಅವನಿಗೂ ತರಬೇತಿ ಆಗಿದೆ ಎಂದು ಸಾಹೇಬರಿಂದಲೇ ಬರೆಸಿಕೊಂಡೆ. ಅಂದು ಸಂಜೆ ನಮ್ಮಿಬ್ಬರ ನಡುವೆ ಆದ ಮಾತನ್ನು ಮತ್ತೆ ಬರೆಯಲಾರೆ. ನೀನು ಪೆಟ್ಟಿಗೆ ಹಿಡಿದು ಕೇಂದ್ರದ ಕ್ವಾರ್ಟರ್ಸಿಗೆ ಹೊರಟೆ, ನಾನು ಗಂಡಸಿನ ಬಿಗುಮಾನದಲ್ಲಿ ಕದ ಹಾಕಿಕೊಂಡೆ.

ನಾಳೆ ವಿಚಾರಣೆ. ತರಬೇತಿ ಪಡೆದೂ ನಿಯಮ ಮೀರಿದ, ತಪ್ಪು ಡ್ರೈವರನದೇ ಎಂದು ಸಾಹೇಬರು ವರದಿ ಸಿದ್ಧಮಾಡಿದ್ದಾರೆ. ಆ ವರದಿಗೆ ಒಪ್ಪಿಗೆ ಸಿಕ್ಕರೆ ಅವನಿಗೆ ಕೆಲಸವೂ ಇಲ್ಲ, ಇಲಾಖೆಯ ಚಿಕಿತ್ಸೆಯೂ ಇಲ್ಲ. ನಿಜ ಹೇಳಿದರೆ ನನ್ನ ಸಮವಸ್ತ್ರ ಹೋಗುತ್ತದೆ. "ನೀನು ಸುಮ್ನಿರು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಿದ್ದಾರೆ ಸಾಹೇಬರು. ನಿನ್ನೆ ಶಿಳ್ಳೆಯ ತಾಯಿ ನನ್ನ ಕೈ ಹಿಡಿದುಕೊಂಡು, "ನೀವಿದ್ರಲ್ಲಪ್ಪ ಜೊತೇಲಿ, ಅದೊಂದೇ ಸಮಾಧಾನ" ಎಂದರು. ನನಗೆ ಭಯವಾಗುತ್ತಿದೆ, ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಯಾರು ಬಂದರು, ಯಾರು ಬರಲಿಲ್ಲ ಎಂದು ದಿನಾ ತಲೆ ಎಣಿಸಿ ಬರೆದಿಡುತ್ತೀಯಲ್ಲ, ಆ ನಿನ್ನ ನೋಟ್‌ಬುಕ್ಕನ್ನು ನಾಳೆ ಹತ್ತಕ್ಕೆ ವಿಚಾರಣೆಗೆ ತೆಗೆದುಕೊಂಡು ಬಾ. ಅಲ್ಲಿ ನನ್ನ ನಾಲಿಗೆ ಹೊರಳದಿದ್ದರೆ ಅದಾದರೂ ಮಾತಾಡಲಿ.

ಏಳು ಸಲ ನಿನ್ನ ಕೈಲಿ ಸತ್ತು, ಒಮ್ಮೆ ಉಳಿದ
ನಿನ್ನ ಗಂಡ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು: ಶಿಳ್ಳೆ ಅವಸರಗಾರ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ನಾನು ಸರಿದದ್ದನ್ನು ಕಂಡು ತನಗೆ ಜಾಗ ಬಿಟ್ಟೆ ಎಂದುಕೊಂಡ. "ನಾನು ಮಾತಾಡ್ಲಾ ಸರ್?" ಎಂದು ಕೇಳಿದ. ನಾನು ಹೂಂ ಎಂದೆ. ಈ ಮಾತು ನಿನ್ನ ನೋಟ್‌ಬುಕ್ಕಿನಲ್ಲಿಲ್ಲ, ನಾನೇ ಹೇಳಬೇಕು. ಹೇಳಿ ಮುಗಿಸುವವರೆಗೆ ಎದುರಿಗೇ ಕೂತಿರು.