ಅಪ್‌ಡೇಟ್ ಒಲ್ಲೆನೆಂದ ಲ್ಯಾಪ್‌ಟಾಪ್

ಜುಲೈ 14, ಸೋಮವಾರ. ಮಹದೇಶ್ವರ ಬೆಟ್ಟ.

ಎರಡು ದಿನ, ಕೊಳ್ಳೇಗಾಲಕ್ಕೆ ಒಂದು ಓಡಾಟ, ಹೆಂಡತಿಯೊಡನೆ ಒಂದು ಜಗಳ. ಲಿನಕ್ಸ್ ಲ್ಯಾಪ್‌ಟಾಪ್ ಅಪ್‌ಡೇಟ್ ಆಗದ್ದಕ್ಕೆ ಇಷ್ಟು ಖರ್ಚು. ಪ್ರತಿ ಸಲವೂ ‘ಅವಧಿ ಮುಗಿದಿದೆ’ ಎಂದು ನಿಂತುಬಿಡುತ್ತಿತ್ತು. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕೋಣವೆಂದ. ನಮ್ಮ ಲಾಡ್ಜಿನ ಬುಕಿಂಗೆಲ್ಲ ಇರುವುದು ಅದರಲ್ಲೇ. ನಂಬಿಕೆ ಸಾಲದೆ ವಾಪಸ್ ತಂದು, ಸಂಜೆ ಒಂದೊಂದನ್ನೇ ಕೈಯಲ್ಲಿ ಬರೆದುಕೊಳ್ಳುತ್ತ ಕೂತೆ.

ಹೆಂಡತಿ ಶಂಕರಮ್ಮ ಇಣುಕಿದಳು. “ಏನ್ರೀ, ಇದ್ರಲ್ಲಿ ಆಗ್ಲೇ ಅಕ್ಟೋಬರ್ ಬಂದ್ಬುಟ್ಟದೆ!”

ದೀಪಾವಳಿಯ ರೂಮ್ ಚೀಟಿಗಳನ್ನು ಮುಂಚೆಯೇ ಪ್ರಿಂಟ್ ಹಾಕಲು ಲ್ಯಾಪ್‌ಟಾಪಿನ ತಾರೀಕನ್ನು ಮುಂದೆ ತಳ್ಳಿದವನು ನಾನೇ. ಹಿಂದಕ್ಕೆ ತರುವುದನ್ನು ಮರೆತಿದ್ದೆ. ಅದರ ಅಕ್ಟೋಬರಿನ ಲೆಕ್ಕಕ್ಕೆ ಜುಲೈನ ಅಪ್‌ಡೇಟ್ ಅವಧಿ ಮುಗಿದದ್ದಾಗಿತ್ತು. ಸರಿಮಾಡಿದ ಕೂಡಲೇ ಅಪ್‌ಡೇಟ್ ಸಲೀಸಾಗಿ ಇಳಿಯಿತು. ಎದೆಯ ಭಾರವೂ ಇಳಿಯಿತು.

“ಅಂಗಾರೆ ಅಬ್ಬದ ಸೀರೆನೂ ಈಗ್ಲೇ ಕೊಡ್ಸಿ ಕಣ್ರಿ,” ಎಂದಳು.

ಒಪ್ಪಿದೆ. ಅವಳಿಗೆ ಸೀರೆ, ನನಗೆ ಬುಕಿಂಗ್, ಲ್ಯಾಪ್‌ಟಾಪಿಗೆ ಮರಳಿ ಸಿಕ್ಕ ಮೂರು ತಿಂಗಳ ಆಯಸ್ಸು. ರಿಪೇರಿಯವನಿಗೆ ಏನೂ ಇಲ್ಲ.